1969ರ ಕ್ಯಾಮರೋಗೆ ಹಿಂದಿನ ಲೀಫ್ ಸ್ಪ್ರಿಂಗ್ ಹಾಕೋದು: ಸ್ಪ್ರಿಂಗ್ ಸುಲಭ, ಬೋಲ್ಟೇ ಕಷ್ಟ

ನನ್ನದು 1969ರ ಷೆವರ್ಲೆ ಕ್ಯಾಮರೋ. ಇರೋದು ಮಿಶಿಗನ್ನಲ್ಲಿ, ಡೆಟ್ರಾಯ್ಟ್ ಪಕ್ಕ, ಹಾಗಾಗಿ ಪಾರ್ಟ್ಸಿಗೂ ಬರ ಇಲ್ಲ, ತುಕ್ಕಿಗೂ ಬರ ಇಲ್ಲ. ಇಲ್ಲಿ ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರೀತಾರೆ, ಐವತ್ತು ವರ್ಷದಲ್ಲಿ ಯಾವನೋ ಒಬ್ಬ ಪುಣ್ಯಾತ್ಮ ನಾಲ್ಕು ಚಳಿಗಾಲ ಇದನ್ನ ಓಡಿಸಿದ್ರೂ ಸಾಕು, ಕೆಳಗಡೆ ಬೋಲ್ಟೆಲ್ಲಾ ಚಾಸಿಗೆ ಬೆಸುಗೆ ಹಾಕಿದ ಹಾಗೆ ಕೂತ್ಕೊಂಡಿರುತ್ತೆ. ಈ ಕಾರಿನ ಹಿಂದಿನ ಸ್ಪ್ರಿಂಗನ್ನ ನಾನು ಎರಡು ಸಲ ಬಿಚ್ಚಿದೀನಿ. ಎರಡನೇ ಸಲ ಯಾಕೆ ಬಿಚ್ಚಬೇಕಾಯ್ತು ಅಂತ ಕೊನೇಲಿ ಹೇಳ್ತೀನಿ, ಅದೇ ಇದ್ರಲ್ಲಿ ಮುಖ್ಯವಾದ ವಿಷ್ಯ.

ಲೀಫ್ ಸ್ಪ್ರಿಂಗ್ ಅಂದ್ರೆ ಗೊತ್ತಾಗದೇ ಇರೋರಿಗೆ, ನಮ್ಮೂರ ಕಡೆ ಬಸ್ಸು ನಿಂತಾಗ ಡ್ರೈವರ್ ಇಳಿದು ನೋಡಿ "ಬ್ಲೇಡ್ ಕಟ್ಟಾಗಿದೆ" ಅಂತಾರಲ್ಲ, ಅದೇ. ಅಂಬಾಸಡರ್ ಹಿಂದೆ ಇದ್ದಿದ್ದೂ ಇದೇ. ಕಬ್ಬಿಣದ ಪಟ್ಟಿ ಕಮಾನಿನ ತರ ಬಗ್ಗಿರುತ್ತೆ, ಮುಂದಿನ ತುದಿ ಒಂದು ಬ್ರಾಕೆಟ್ಟಲ್ಲಿ ಬಾಡಿಗೆ ಫಿಕ್ಸ್, ಹಿಂದಿನ ತುದಿ ಶ್ಯಾಕಲ್ ಅನ್ನೋ ಉಯ್ಯಾಲೆ ತರದ ಕೊಂಡೀಲಿ ನೇತಾಡುತ್ತೆ, ನಡುವೆ ಆಕ್ಸಲ್, ಅಂದ್ರೆ ಹಿಂದಿನ ಎರಡೂ ಚಕ್ರ ಸೇರಿಸೋ ಅಡ್ಡ ದಂಡ. ಪಟ್ಟಿ ಚಪ್ಪಟೆ ಆದಾಗ ಉದ್ದ ಆಗುತ್ತೆ, ಆ ಉದ್ದಕ್ಕೆ ಜಾಗ ಕೊಡೋಕೆ ಶ್ಯಾಕಲ್ಲು. ಅಷ್ಟೇ ಮೆಕ್ಯಾನಿಸಮ್ಮು. ಆದ್ರೆ ಕ್ಯಾಮರೋದಲ್ಲಿ ಸ್ವಲ್ಪ ಕಥೆ ಇದೆ. 1967ರಲ್ಲಿ ಮೊದಲ ಮಾಡೆಲ್ ಬಂದಾಗ ಎಲ್ಲಾ ಕಾರಿಗೂ ಒಂದೇ ಪಟ್ಟಿಯ ಸ್ಪ್ರಿಂಗ್, ಮಾನೋಲೀಫ್ ಅಂತಾರೆ. ದೊಡ್ಡ ಎಂಜಿನ್ ಇರೋ ಕಾರಲ್ಲಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಆಕ್ಸಲ್ ಹಿಮ್ಮುಖವಾಗಿ ತಿರುಗೋಕೆ ನೋಡುತ್ತೆ, ಆಕ್ಸಲ್ ನಡುವಿನ ಗೇರಿನ ಉಂಡೆ, ಅಂದ್ರೆ ಡಿಫರೆನ್ಶಿಯಲ್, ಅದರ ಮೂತಿ ಮೇಲಕ್ಕೆ ಏಳುತ್ತೆ, ಪಟ್ಟಿ ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತೆ, ಟೈರ್ ಹಿಡಿತ ತಪ್ಪಿದ ಕೂಡಲೇ ಪಟ್ಟಂತ ವಾಪಸ್ ಬಿಚ್ಚಿಕೊಳ್ಳುತ್ತೆ, ಮತ್ತೆ ಹಿಡಿಯುತ್ತೆ ಮತ್ತೆ ತಿರುಚುತ್ತೆ, ಹಿಂದಿನ ಚಕ್ರ ಎರಡೂ ಕಪ್ಪೆ ತರ ಕುಪ್ಪಳಿಸುತ್ತೆ. ವ್ಹೀಲ್ ಹಾಪ್ ಅಂತಾರೆ. ಅದಕ್ಕೆ 1968ರಿಂದ ಪವರ್ ಜಾಸ್ತಿ ಇರೋ ಕಾರುಗಳಿಗೆ ಹಲವು ಪಟ್ಟಿಯ ಮಲ್ಟಿಲೀಫ್ ಕೊಟ್ರು, ಶಾಕ್ ಅಬ್ಸಾರ್ಬರನ್ನ ಎಲ್ಲಾ ಕಾರಲ್ಲೂ ಒಂದು ಆಕ್ಸಲ್ ಮುಂದೆ ಒಂದು ಹಿಂದೆ ಅಂತ ಸೊಟ್ಟಕ್ಕೆ ಹಾಕಿದ್ರು. ಸಾಧಾರಣ ಕಾರುಗಳಿಗೆ ಮಾನೋಲೀಫೇ ಉಳೀತು, ನಂದೂ ಅದೇ ಜಾತಿ.

ಆದ್ರಿಂದ ಆರ್ಡರ್ ಮಾಡೋಕೆ ಮುಂಚೆ ಕಾರಿನ ಕೆಳಗೆ ತಲೆ ಹಾಕಿ ಪಟ್ಟಿ ಎಣಿಸಿ. ಒಂದು ಪಟ್ಟಿ ಇದ್ದು ಹಲವು ಪಟ್ಟಿಗೆ ಹೋಗ್ತೀನಿ ಅಂದ್ರೆ ಬರೀ ಸ್ಪ್ರಿಂಗ್ ತಂದ್ರೆ ಆಗಲ್ಲ, ದಪ್ಪ ಬೇರೆ ಆದ್ದರಿಂದ ಆಕ್ಸಲ್ ಕೆಳಗಿನ ಪ್ಲೇಟು, ಬೋಲ್ಟು, ರಬ್ಬರ್ ಪ್ಯಾಡು ಎಲ್ಲಾ ಅದರ ಜೊತೆಗೆ ಬರೋ ಕಿಟ್ಟಿನದೇ ಬೇಕು. ಹಳೇದನ್ನೇ ಮತ್ತೆ ಬಗ್ಗಿಸಿ ಕೊಡ್ತೀವಿ ಅನ್ನೋ ಅಂಗಡಿಗಳೂ ಇವೆ. ನನ್ನ ಅಭಿಪ್ರಾಯ ಕೇಳಿದ್ರೆ ಮಾನೋಲೀಫಿಗೆ ಅದು ದಂಡ, ಹೀಟ್ ಟ್ರೀಟ್‌ಮೆಂಟ್ ಇಲ್ಲದೆ ಬರೀ ಬಗ್ಗಿಸಿದ್ದು ಸ್ವಲ್ಪ ದಿನಕ್ಕೆ ಮತ್ತೆ ಕೂತ್ಕೊಳುತ್ತೆ. ಮನೇಲಿ ಬೆಂಕಿ ಉಗುಳೋ ಗ್ಯಾಸ್ ಟಾರ್ಚ್ ಹಿಡಿದು ಕಾಯಿಸೋದಂತೂ ಮಾಡ್ಲೇಬೇಡಿ, ಸ್ಪ್ರಿಂಗ್ ಸ್ಟೀಲಿನ ಹದ ಹೋದ್ರೆ ಅದು ಬರೀ ಕಬ್ಬಿಣ. ಡೆಟ್ರಾಯ್ಟಲ್ಲಿ 1937ರಿಂದ ಈಟನ್ ಸ್ಪ್ರಿಂಗ್ ಅನ್ನೋ ಕಂಪನಿ ಇದೆ, ಹಳೇ ಕಾರುಗಳ ಒರಿಜಿನಲ್ ಡ್ರಾಯಿಂಗ್ ಇಟ್ಕೊಂಡು ಮಾಡ್ತಾರೆ. ಎಲ್ಲಿಂದಾದ್ರೂ ತರಿಸಿ, ಎರಡೂ ಕಡೆದು ಜೋಡಿಯಾಗಿ ತರಿಸಿ. ಒಂದು ಕಡೆ ಮುರಿದಿದೆ ಅಂತ ಒಂದೇ ಹಾಕಿದ್ರೆ ಕಾರು ಒಂದು ಮಗ್ಗುಲಿಗೆ ವಾಲುತ್ತೆ.

ಸ್ಪ್ರಿಂಗ್ ಜೊತೆ ಏನೇನು ತರಿಸ್ಬೇಕು ಅಂದ್ರೆ ಹೊಸ ಶ್ಯಾಕಲ್ ಸೆಟ್ಟು, ಶ್ಯಾಕಲ್ ಬುಶ್ಶು (ಬೋಲ್ಟಿನ ಸುತ್ತ ಕೂರೋ ರಬ್ಬರಿನ ತೋಳು), ಆಕ್ಸಲ್ ಹತ್ರ ಸ್ಪ್ರಿಂಗ್ ಮೇಲೆ ಕೆಳಗೆ ಕೂರೋ ರಬ್ಬರ್ ಪ್ಯಾಡು, ಪ್ಲೇಟಿನ ಬೋಲ್ಟು ನಟ್ಟು, ಮುಂದಿನ ಬ್ರಾಕೆಟ್ಟಿನ ಬೋಲ್ಟುಗಳು, ಆಮೇಲೆ ಮುಂದಿನ ಬ್ರಾಕೆಟ್ಟಿನ ಕೇಜ್ ನಟ್ಟು. ಈ ಕೊನೇದನ್ನ ಎಲ್ರೂ ಮರೀತಾರೆ. ಹಳೇ ಬೋಲ್ಟ್ ಚೆನ್ನಾಗಿ ಕಂಡ್ರೂ ಮತ್ತೆ ಹಾಕೋಕೆ ಹೋಗ್ಬೇಡಿ, ನಾಲ್ಕು ಕಾಸು ಉಳಿಸೋ ಜಾಗ ಅಲ್ಲ ಇದು.

ಬುಶ್ಶಲ್ಲಿ ರಬ್ಬರಾ ಪಾಲಿಯುರೆಥೇನಾ ಅಂತ ಹುಡುಗರು ಜಗಳ ಆಡ್ತಾರೆ. ಭಾನುವಾರ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಐಸ್‌ಕ್ರೀಮಿಗೆ ಹೋಗೋ ಕಾರಿಗೆ ರಬ್ಬರೇ ಸರಿ. ಪಾಲಿ ಹಾಕಿದ್ರೆ ಗಟ್ಟಿ ಇರುತ್ತೆ ನಿಜ, ಆದ್ರೆ ಅದಕ್ಕೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ಹಚ್ಚದೆ ಹಾಕಿದ್ರೆ ಹಳೇ ಮನೆ ಬಾಗಿಲ ತರ ಕಿರ್ ಕಿರ್ ಅನ್ನುತ್ತೆ.

ಕೆಲಸ ಶುರು ಆಗೋದು ಬಿಚ್ಚೋ ದಿನ ಅಲ್ಲ, ಅದಕ್ಕೆ ಒಂದು ವಾರ ಮುಂಚೆ. ದಿನಾ ಸಂಜೆ ಆಫೀಸಿಂದ ಬಂದು ಎಲ್ಲಾ ಬೋಲ್ಟಿಗೂ ತುಕ್ಕು ಬಿಡಿಸೋ ಎಣ್ಣೆ ಹೊಡೀರಿ, ಪಿಬಿ ಬ್ಲಾಸ್ಟರ್ ಆಗ್ಲಿ ಕ್ರೊಯಿಲ್ ಆಗ್ಲಿ ಯಾವುದಾದ್ರೂ ಸರಿ. ಮುಂದಿನ ಬ್ರಾಕೆಟ್ಟಿನ ಮೂರು ಬೋಲ್ಟು, ಸ್ಪ್ರಿಂಗಿನ ಮುಂದಿನ ಕಣ್ಣಿನ (ಪಟ್ಟಿಯ ತುದಿ ಸುರುಳಿ ಸುತ್ತಿ ಮಾಡಿರೋ ತೂತು) ಬೋಲ್ಟು, ಶ್ಯಾಕಲ್ಲಿನ ಎರಡೆರಡು, ಪ್ಲೇಟಿನ ನಾಲ್ಕು ನಾಲ್ಕು, ಶಾಕಿನ ಕೆಳಗಿನ ನಟ್ಟು. ಮೊದಲು ವೈರ್ ಬ್ರಶ್ಶಲ್ಲಿ ಉಜ್ಜಿ ಆಮೇಲೆ ಎಣ್ಣೆ, ಮಣ್ಣಿನ ಮೇಲೆ ಎಣ್ಣೆ ಸುರಿದು ಏನೂ ಪ್ರಯೋಜನ ಇಲ್ಲ.

ಇನ್ನೊಂದು, ಬಿಚ್ಚೋಕೆ ಮುಂಚೆ ಅಳತೆ ತಗೊಳ್ಳಿ. ಸಮತಟ್ಟು ನೆಲದಲ್ಲಿ ಕಾರು ನಿಲ್ಸಿ ಚಕ್ರದ ಮಧ್ಯದಿಂದ ಮೇಲೆ ಫೆಂಡರ್ ಅಂಚಿನ ತನಕ, ನಾಲ್ಕೂ ಕಡೆ. ನೆಲದಿಂದ ಅಳೆದ್ರೆ ಟೈರಿನ ಗಾಳಿ ಹೆಚ್ಚು ಕಮ್ಮಿ ಆಗಿ ಲೆಕ್ಕ ತಪ್ಪುತ್ತೆ, ಚಕ್ರದ ಮಧ್ಯದಿಂದ ಅಳೆದ್ರೆ ಆ ತಲೆನೋವಿಲ್ಲ. ಒಂದು ಚೀಟೀಲಿ ಬರೆದು ಗ್ಯಾರೇಜ್ ಗೋಡೆಗೆ ಅಂಟಿಸಿ. ಫೋಟೋನೂ ತೆಗೀರಿ, ಮುಖ್ಯವಾಗಿ ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲೆಲ್ಲಿ ಹಾದು ಹೋಗಿದೆ ಅಂತ.

ಈಗ ಎತ್ತೋದು. ಮುಂದಿನ ಚಕ್ರಕ್ಕೆ ಎರಡೂ ಕಡೆಯಿಂದ ಅಡೆ ಕೊಡಿ. ಗೇರಲ್ಲಿ ಹಾಕಿದೀನಿ ಹ್ಯಾಂಡ್‌ಬ್ರೇಕ್ ಎಳೆದಿದೀನಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಎರಡೂ ಹಿಡಿಯೋದು ಹಿಂದಿನ ಚಕ್ರನ, ಅದು ಗಾಳೀಲಿರುತ್ತೆ. ಹಿಂದಿನ ಚಕ್ರದ ನಟ್ ನೆಲದ ಮೇಲೆ ಇರುವಾಗ್ಲೇ ಸ್ವಲ್ಪ ಸಡಿಲ ಮಾಡಿ, ಡಿಫರೆನ್ಶಿಯಲ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡನ್ನ ಸ್ಪ್ರಿಂಗಿನ ಮುಂದಿನ ಬ್ರಾಕೆಟ್ಟಿಗಿಂತ ಮುಂದೆ ಇರೋ ಹಿಂಭಾಗದ ಫ್ರೇಮ್ ರೈಲಿಗೆ ಕೊಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು ಈ ಕೆಲಸ ಆಗಲ್ಲ, ಆಕ್ಸಲ್ಲನ್ನೇ ಅಲ್ವಾ ನಾವು ಬಿಡಿಸ್ತಿರೋದು. ಈ ಕಾರಿಗೆ ಮುಂಭಾಗಕ್ಕೆ ಮಾತ್ರ ಬೇರೆ ಸಬ್‌ಫ್ರೇಮ್, ಹಿಂದೆ ಬಾಡಿಯೇ ಫ್ರೇಮು, ಹಾಗಾಗಿ ರೈಲು ತುಕ್ಕು ಹಿಡಿದು ಮೆತ್ತಗಾಗಿದೆಯಾ ಅಂತ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ. ಸ್ಕ್ರೂಡ್ರೈವರ್ ಒಳಗೆ ಹೋಯ್ತು ಅಂದ್ರೆ ಸ್ಪ್ರಿಂಗ್ ಮಾತು ಅಲ್ಲಿಗೆ ಬಿಡಿ, ವೆಲ್ಡರ್ ಹುಡುಕಿ. ಬಿಚ್ಚಿದ ಚಕ್ರ ಎರಡನ್ನೂ ಬಾಡಿ ಕೆಳಗೆ ಮಲಗಿಸಿ, ಸ್ಟ್ಯಾಂಡ್ ಜಾರಿದ್ರೂ ನಿಮ್ಮ ಎದೆ ಉಳಿಯುತ್ತೆ.

ಡಿಫರೆನ್ಶಿಯಲ್ ಕೆಳಗೆ ಜಾಕ್ ಇರ್ಲಿ, ಅದೇ ಈಗ ಆಕ್ಸಲ್ಲಿನ ಆಧಾರ. ಎರಡು ಶಾಕಿನ ಕೆಳಗಿನ ನಟ್ಟು ಬಿಚ್ಚಿ, ಮೇಲಿನದು ಮುಟ್ಟೋದು ಬೇಡ. ಶಾಕ್ ಬಿಟ್ಮೇಲೆ ಆಕ್ಸಲ್ ಇನ್ನೂ ಕೆಳಗೆ ಇಳಿಯುತ್ತೆ, ಆವಾಗ ಎಳೆದುಕೊಳ್ಳೋದು ಬಾಡಿಯಿಂದ ಆಕ್ಸಲ್ಲಿಗೆ ಬರೋ ಬ್ರೇಕಿನ ರಬ್ಬರ್ ಹೋಸು. ಹೋಸ್ ಬಿಗಿ ಆಗ್ತಿದೆಯಾ ಅಂತ ಕಣ್ಣಿಟ್ಟಿರಿ. ಆಕ್ಸಲ್ಲು ಹೋಸಲ್ಲಿ ನೇತಾಡಿದ್ರೆ ಹೊರಗೆ ಏನೂ ಕಾಣಲ್ಲ, ಒಳಗೆ ಹರಿದಿರುತ್ತೆ, ಗೊತ್ತಾಗೋದು ಬ್ರೇಕ್ ಒತ್ತಿದಾಗ್ಲೇ. ಜಾಕನ್ನ ನಿಧಾನಕ್ಕೆ ಇಳಿಸ್ತಾ ಸ್ಪ್ರಿಂಗ್ ಪೂರ್ತಿ ಸಡಿಲ ಆಗೋ ತನಕ ಬಂದು ನಿಲ್ಸಿ. ಸ್ಪ್ರಿಂಗಲ್ಲಿ ಬಿಗಿ ಇರುವಾಗ ಮುಂದಿನ ಬ್ರಾಕೆಟ್ ಬಿಚ್ಚಿದ್ರೆ ಅದು ಮುಖಕ್ಕೆ ಬರುತ್ತೆ.

ಒಂದು ಸಲಕ್ಕೆ ಒಂದೇ ಕಡೆ ಮಾಡಿ. ಎರಡೂ ಒಟ್ಟಿಗೆ ಬಿಚ್ಚಿ ವೀಡಿಯೋ ಹಾಕೋರು ಇದಾರೆ, ಅವರಿಗೆ ಲಿಫ್ಟ್ ಇದೆ, ಸಹಾಯಕ್ಕೆ ನಾಲ್ಕು ಜನ ಇದಾರೆ. ಒಬ್ರೇ ಮಾಡೋರು ಒಂದು ಕಡೆ ಬಿಟ್ಟುಕೊಂಡ್ರೆ ಆಕ್ಸಲ್ ಇದ್ದಲ್ಲೇ ಇರುತ್ತೆ, ಇಲ್ಲ ಅಂದ್ರೆ ಜಾಕ್ ಮೇಲೆ ಅದು ಮೂತಿ ಕೆಳಗೆ ಮಾಡಿ ಉರುಳುತ್ತೆ, ಗೇರ್‌ಬಾಕ್ಸಿಂದ ಆಕ್ಸಲ್ಲಿಗೆ ಬರೋ ಪ್ರೊಪೆಲ್ಲರ್ ಶಾಫ್ಟನ್ನ ಎಳೆಯುತ್ತೆ, ಆಮೇಲೆ ರಾತ್ರಿ ಹನ್ನೊಂದು ಗಂಟೆಗೆ ಪಕ್ಕದ ಮನೆಯವರನ್ನ ಎಬ್ಬಿಸ್ಬೇಕು.

ಮೊದಲು ಮುಂದಿನ ಕಣ್ಣಿನ ಉದ್ದ ಬೋಲ್ಟನ್ನ ಸಡಿಲ ಮಾಡಿ, ತೆಗೀಬೇಡಿ. ಬ್ರಾಕೆಟ್ ಬಾಡಿಗೆ ಹಿಡ್ಕೊಂಡಿರುವಾಗ್ಲೇ ಇದನ್ನ ಅಲ್ಲಾಡಿಸೋದು ಸುಲಭ, ಕೈಗೆ ಬಂದ್ಮೇಲೆ ಅದನ್ನ ಹಿಡ್ಕೊಳ್ಳೋಕೆ ಏನೂ ಇರಲ್ಲ. ಇದು ಅಲ್ಲಾಡ್ತು ಅಂದ್ರೆ ನಿಮ್ಮ ಅದೃಷ್ಟ. ಬೋಲ್ಟು ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕಲ್ಲಿ ಅಂಟಿಕೊಂಡಿದ್ರೆ ತಲೆ ತಿರುಗುತ್ತೆ, ಜೊತೆಗೆ ರಬ್ಬರೂ ತಿರುಗುತ್ತೆ, ಬೋಲ್ಟ್ ಮಾತ್ರ ಹೊರಗೆ ಬರಲ್ಲ. ಆವಾಗ ಸುಮ್ನೆ ಬ್ರಾಕೆಟ್ ಸಮೇತ ಇಳಿಸ್ಕೊಂಡು ನೆಲದ ಮೇಲೆ ಗರಗಸದ ಮೆಷಿನ್ನಲ್ಲಿ ಬುಶ್ಶಿಗೂ ಬ್ರಾಕೆಟ್ಟಿಗೂ ನಡುವೆ ಕತ್ತರಿಸಿ. ಟಾರ್ಚಲ್ಲಿ ಬುಶ್ ಸುಡೋದು ಕಾರಿನ ಕೆಳಗೆ ಬೇಡ, ಪೆಟ್ರೋಲ್ ಟ್ಯಾಂಕು ಹಿಂದೇನೇ ಇದೆ.

ಈಗ ಬಂತು ಮೂರು ಬೋಲ್ಟು. ಇಡೀ ಕೆಲಸದಲ್ಲಿ ಕಷ್ಟ ಅಂತ ಇರೋದು ಈ ಮೂರೇ. ಇವು ಮೇಲೆ ಬಾಡಿ ಒಳಗಿರೋ ಕೇಜ್ ನಟ್ಟಿಗೆ ಹೋಗ್ತಾವೆ, ಅಂದ್ರೆ ನಟ್ಟು ಒಂದು ತೆಳು ತಗಡಿನ ಪಂಜರದಲ್ಲಿ ಕೂತಿರುತ್ತೆ, ಪಂಜರ ಬಾಡಿಗೆ ಅಂಟಿರುತ್ತೆ, ಮೇಲಿಂದ ಕೈ ಹೋಗಲ್ಲ. ಜೋರಾಗಿ ತಿರುಗಿಸಿದ್ರೆ ಪಂಜರ ಹರಿದು ನಟ್ಟು ಒಳಗೇ ಗಿರಗಿಟ್ಲೆ ಆಡುತ್ತೆ, ಇಲ್ಲಾ ಬೋಲ್ಟು ಮುರಿಯುತ್ತೆ. ಇಂಪ್ಯಾಕ್ಟ್ ಗನ್ ಕೈಗೆ ತಗೊಂಡೇ ಬಿಡೋಣ ಅನ್ಸುತ್ತೆ, ಬೇಡ. ಉದ್ದ ಹಿಡಿಯ ಬಾರಲ್ಲಿ ಕಾಲು ಸುತ್ತು ಸಡಿಲ ಮಾಡಿ, ಮತ್ತೆ ಅರ್ಧದಷ್ಟು ಬಿಗಿ ಮಾಡಿ, ಎಣ್ಣೆ ಹೊಡೀರಿ, ಮತ್ತೆ ಸಡಿಲ, ಮತ್ತೆ ಬಿಗಿ. ಕಿರ್ ಅಂತ ಶಬ್ದ ಬರ್ತಾ ಬರ್ತಾ ಬಿಟ್ಕೊಳುತ್ತೆ. ಒಂದು ಬೋಲ್ಟಿಗೆ ಇಪ್ಪತ್ತು ನಿಮಿಷ ಆದ್ರೂ ಆಗ್ಲಿ, ಪಂಜರ ಹೋದ್ರೆ ಇಡೀ ಶನಿವಾರ ಹೋಗುತ್ತೆ. ನನಗೆ ಎಡಗಡೆ ಒಂದು ಹೋಯ್ತು. ಹಿಂದಿನ ಸೀಟು ತೆಗೆದು, ಮೇಲಿಂದ ಫ್ಲೋರಲ್ಲಿ ಕಿಟಕಿ ತರ ಮೂರು ಕಡೆ ಕತ್ತರಿಸಿ, ತಗಡನ್ನ ಮಡಚಿ, ಹಳೇ ನಟ್ ತೆಗೆದು ಹೊಸ ಕೇಜ್ ನಟ್ ಕೂರಿಸಿ, ತಗಡು ವಾಪಸ್ ಮಡಚಿ ವೆಲ್ಡ್ ಮಾಡಿಸಿ ಸೀಲರ್ ಹಚ್ಚಿದ್ದಾಯ್ತು. ಕತ್ತರಿಸೋಕೆ ಮುಂಚೆ ಕೆಳಗಿನಿಂದ ಸಣ್ಣ ಡ್ರಿಲ್ಲಲ್ಲಿ ಗುರುತಿನ ತೂತು ಹಾಕ್ಕೊಳ್ಳಿ, ಇಲ್ಲಾಂದ್ರೆ ಮೇಲಿಂದ ಎಲ್ಲಿ ಕತ್ತರಿಸ್ಬೇಕು ಅಂತ ಅಂದಾಜೇ ಸಿಗಲ್ಲ. ಅಲ್ಲೇ ಸುತ್ತಮುತ್ತ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹಾದು ಹೋಗೋದನ್ನ ಮೊದಲು ನೋಡ್ಕೊಳ್ಳಿ.

ಮೂರೂ ಬಿಟ್ಟ ಮೇಲೆ ಮುಂದಿನ ತುದಿ ಕೆಳಗೆ ಬರುತ್ತೆ. ಪ್ಲೇಟಿಗೆ ಸಿಕ್ಕಿಸಿರೋ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನ ಅದರ ಕ್ಲಿಪ್ಪಿಂದ ಮೆಲ್ಲಗೆ ಎಬ್ಬಿಸಿ, ಪ್ಲೇಟಿನ ನಾಲ್ಕು ನಟ್ ತೆಗೀರಿ, ಪ್ಲೇಟು ಕೈಗೆ ಬರುತ್ತೆ, ರಬ್ಬರ್ ಪ್ಯಾಡು ಸ್ಪ್ರಿಂಗಿಗೆ ಅಂಟಿರುತ್ತೆ, ಕಿತ್ತು ಬಿಸಾಕಿ. ಪ್ಲೇಟಿನ ಮೇಲೆ ಎಡ ಬಲ ಅಂತ ಗುರುತು ಹಾಕಿ, ಶಾಕ್ ಒಂದು ಮುಂದೆ ಒಂದು ಹಿಂದೆ ಇರೋದ್ರಿಂದ ಅದಲು ಬದಲಾದ್ರೆ ಕೂರಲ್ಲ.

ಹಿಂದೆ ಶ್ಯಾಕಲ್ಲು. ಕೆಳಗಿನ ಬೋಲ್ಟ್ ತೆಗೆದ್ರೆ ಸ್ಪ್ರಿಂಗ್ ಪೂರ್ತಿ ಕೈಗೆ, ಭಾರ ಇರುತ್ತೆ, ಕಾಲ ಮೇಲೆ ಬೀಳಿಸ್ಕೋಬೇಡಿ. ಮೇಲಿನ ಬೋಲ್ಟು ಫ್ರೇಮ್ ರೈಲಿನ ಬುಶ್ಶೊಳಗೆ ಇರುತ್ತೆ, ಅದನ್ನೂ ಬದಲಾಯಿಸ್ಲೇಬೇಕು, ಹಳೇ ಬುಶ್ ಅಲ್ಲೇ ಬಿಟ್ಟು ಹೊಸ ಸ್ಪ್ರಿಂಗ್ ಹಾಕಿದ್ರೆ ಟಕ್ ಟಕ್ ಶಬ್ದ ಹೋಗಲ್ಲ. ಆ ಬೋಲ್ಟು ಟ್ಯಾಂಕಿನ ಕಡೆಗೆ ಹೊರಬರೋ ಹಾಗೆ ಹಾಕಿದ್ರೆ ಟ್ಯಾಂಕ್ ಅಡ್ಡ ಬರುತ್ತೆ. ಆಗ ಪೆಟ್ರೋಲ್ ಕಮ್ಮಿ ಇಟ್ಕೊಂಡು ಟ್ಯಾಂಕಿನ ಪಟ್ಟಿ ಸಡಿಲಿಸಿ ಸ್ವಲ್ಪ ಕೆಳಗೆ ಇಳಿಸಿ, ಕಿಡಿ ಹಾರಿಸೋ ಯಾವ ಮೆಷಿನ್ನೂ ಆ ಹತ್ರ ತರ್ಬೇಡಿ. ಹೊಸದನ್ನ ಹಾಕುವಾಗ ಮುಂದಿನ ಸಲ ಹೊರಗಿಂದಾನೇ ತೆಗೀಬಹುದಾದ ಹಾಗೆ ಹಾಕಿ, ಮುಂದಿನ ಸಲ ಬಿಚ್ಚೋರೂ ನೀವೇ ತಾನೆ.

ಹಳೇದು ಹೊಸದು ಪಕ್ಕ ಪಕ್ಕ ಮಲಗಿಸಿ ನೋಡಿ. ಮುಂದಿನ ಕಣ್ಣಿಂದ ನಡುವಿನ ಸೆಂಟರ್ ಬೋಲ್ಟಿನ ತನಕದ ಉದ್ದ ಒಂದೇ ಇರ್ಬೇಕು, ಇಲ್ಲ ಅಂದ್ರೆ ಚಕ್ರ ಫೆಂಡರಿನ ಸರಿಮಧ್ಯಕ್ಕೆ ಕೂರಲ್ಲ. ಮುಂದಿನ ಭಾಗ ಗಿಡ್ಡ ಹಿಂದಿನ ಭಾಗ ಉದ್ದ, ತಿರುಗಾ ಮುರುಗಾ ಹಾಕೋರನ್ನೂ ನೋಡಿದೀನಿ. ಕಮಾನು ಹೊಸದರಲ್ಲಿ ಎಷ್ಟೋ ಜಾಸ್ತಿ ಕಾಣುತ್ತೆ, ಗಾಬರಿ ಬೇಡ, ಕಾರಿನ ಭಾರಕ್ಕೆ ಇಳಿಯುತ್ತೆ. ಬ್ರಾಕೆಟ್ಟು ಪ್ಲೇಟು ಎಲ್ಲಾ ಉಜ್ಜಿ ಕಪ್ಪು ಪೇಂಟ್ ಹೊಡೆದು ಒಣಗೋಕೆ ಬಿಟ್ಟು ಕಾಫಿ ಕುಡೀರಿ.

ಹಾಕೋದು ಉಲ್ಟಾ ಕ್ರಮ. ಬ್ರಾಕೆಟ್ಟಿಗೆ ಸ್ಪ್ರಿಂಗಿನ ಮುಂದಿನ ಕಣ್ಣು ಸೇರಿಸಿ ಉದ್ದ ಬೋಲ್ಟ್ ತೂರಿಸಿ, ನಟ್ ಕೈಯಲ್ಲಿ ಮಾತ್ರ ತಿರುಗಿಸಿ. ಬೋಲ್ಟಿನ ಮೈಗೆ ಆಂಟಿ ಸೀಜ್ ಪೇಸ್ಟ್ ಹಚ್ಚಿ, ಮುಂದೆ ತುಕ್ಕಲ್ಲಿ ಅಂಟದೇ ಇರೋಕೆ. ಬ್ರಾಕೆಟ್ಟನ್ನ ಮೇಲೆತ್ತಿ ಮೂರು ಬೋಲ್ಟೂ ಕೈಯಲ್ಲೇ ಹಿಡಿಸಿ ಆಮೇಲೆ ಟಾರ್ಕ್ ರೆಂಚಲ್ಲಿ (ಎಷ್ಟು ಬಲ ಹಾಕ್ತಿದೀವಿ ಅಂತ ತೋರಿಸೋ ಸ್ಪ್ಯಾನರ್) ಬಿಗಿ ಮಾಡಿ, ಈ ಮೂರನ್ನ ಗಾಳೀಲಿ ಬಿಗಿ ಮಾಡಿದ್ರೆ ತೊಂದ್ರೆ ಇಲ್ಲ, ಇವು ತಿರುಗೋ ಜಾಗದಲ್ಲಿಲ್ಲ. ಹಿಂದಿನ ತುದಿಗೆ ಶ್ಯಾಕಲ್ ಸೇರಿಸಿ ನೇತು ಹಾಕಿ, ಅದೂ ಸಡಿಲವಾಗಿ. ಪ್ಯಾಡ್ ಮೇಲೆ ಕೆಳಗೆ ಇಟ್ಟು ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಕೆಳಗಿನ ಸೀಟಿನ ತೂತಿಗೆ ಸರಿಯಾಗಿ ಕೂರೋ ಹಾಗೆ ಜಾಕಲ್ಲಿ ಆಕ್ಸಲ್ ಅಲ್ಲಾಡಿಸಿ. ಇದು ತೂತಿಗೆ ಕೂರದೆ ಅಂಚಿನ ಮೇಲೆ ನಿಂತಿರುವಾಗ್ಲೇ ಪ್ಲೇಟ್ ಬಿಗಿ ಮಾಡಿದ್ರೆ ಆಕ್ಸಲ್ ಸೊಟ್ಟ ಆಗಿ ಕಾರು ಏಡಿ ತರ ಓಡುತ್ತೆ, ಟಾರ್ಚ್ ಲೈಟ್ ಹಾಕಿ ಕಣ್ಣಾರೆ ನೋಡಿ ಬೆರಳಲ್ಲಿ ಮುಟ್ಟಿ. ಪ್ಲೇಟಿನ ನಾಲ್ಕು ನಟ್ಟು ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಎಷ್ಟು ಟಾರ್ಕ್ ಅಂತ ಷೆವರ್ಲೆಯವರ ಚಾಸಿಸ್ ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ನಿಮ್ಮ ಇಸವಿದು ನೋಡಿ, ಮರುಮುದ್ರಣ ಆರಾಮಾಗಿ ಸಿಗುತ್ತೆ, ಯಾರೋ ಹೇಳಿದ ನಂಬರ್ ಹಾಕ್ಬೇಡಿ. ಇನ್ನೊಂದು ಕಡೆ ಅದೇ ಥರ, ಎರಡನೇದು ಅರ್ಧ ಸಮಯಕ್ಕೆ ಮುಗಿಯುತ್ತೆ. ಶಾಕ್ ಸೇರಿಸಿ, ಕೇಬಲ್ ಸಿಕ್ಕಿಸಿ, ಚಕ್ರ ಹಾಕಿ ಇಳಿಸಿ.

ಈಗ ನಾನು ಎರಡನೇ ಸಲ ಬಿಚ್ಚಿದ ಕಥೆ. ಮೊದಲ ಸಲ ಕಾರು ಸ್ಟ್ಯಾಂಡ್ ಮೇಲಿರುವಾಗ್ಲೇ, ಆಕ್ಸಲ್ ಕೆಳಗೆ ನೇತಾಡ್ತಿರುವಾಗ್ಲೇ, ಕಣ್ಣಿನ ಬೋಲ್ಟು ಶ್ಯಾಕಲ್ ಬೋಲ್ಟು ಎಲ್ಲಾ ಗಟ್ಟಿಯಾಗಿ ಬಿಗಿ ಮಾಡಿ ಕೈ ಒರೆಸ್ಕೊಂಡೆ. ಆಗಸ್ಟಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಇತ್ತು, 1995ರಿಂದ ವುಡ್‌ವರ್ಡ್ ಅವೆನ್ಯೂಲಿ ಪ್ರತಿ ವರ್ಷ ಹಳೇ ಕಾರುಗಳ ಜಾತ್ರೆ ಅದು, ಅಷ್ಟೊಳಗೆ ಕಾರು ರೆಡಿ ಆಗ್ಬೇಕು ಅನ್ನೋ ಅವಸರ. ಇಳಿಸಿ ನೋಡಿದ್ರೆ ಹಿಂಭಾಗ ಅಂದುಕೊಂಡಿದ್ದಕ್ಕಿಂತ ಒಂದಿಂಚು ಮೇಲೆ. ಹೊಸ ಸ್ಪ್ರಿಂಗ್ ಅಲ್ವಾ ಅಂತ ಖುಷಿಪಟ್ಟೆ. ರಬ್ಬರ್ ಬುಶ್ಶು ಜಾರೋ ಬೇರಿಂಗ್ ಅಲ್ಲ, ಅದರ ಒಳಗಿನ ಕೊಳವೆಯನ್ನ ಬೋಲ್ಟು ಹಿಸುಕಿ ಹಿಡ್ಕೊಳುತ್ತೆ, ಹೊರಗಿನ ಭಾಗ ಸ್ಪ್ರಿಂಗ್ ಜೊತೆ ತಿರುಗುತ್ತೆ, ನಡುವೆ ರಬ್ಬರ್ ತಿರುಚುತ್ತೆ. ಗಾಳೀಲಿ ಬಿಗಿ ಮಾಡಿದ್ರೆ ಅದಕ್ಕೆ ನೇತಾಡೋ ಸ್ಥಿತಿಯೇ ಸಹಜ ಸ್ಥಿತಿ, ಕಾರು ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಬದುಕ್ಬೇಕು, ಆ ತಿರುಚೇ ಕಾರನ್ನ ಮೇಲೆ ಹಿಡಿದಿತ್ತು. ಒಂದು ಬೇಸಿಗೇಲಿ ಎರಡು ಬುಶ್ ಹರಿದು ಹೋದ್ವು.

ಹಾಗಾಗಿ ಕಾರು ನೆಲಕ್ಕೆ ಇಳಿಸಿ, ಹಿಂದಿನ ಬಂಪರ್ ಮೇಲೆ ಕೂತು ನಾಲ್ಕು ಸಲ ಕುಲುಕಿ, ಹತ್ತಡಿ ಮುಂದೆ ಹತ್ತಡಿ ಹಿಂದೆ ತಳ್ಳಿ, ಆಮೇಲೆ ಹಿಂದಿನ ಚಕ್ರ ಎರಡೂ ರ‍್ಯಾಂಪ್ ಮೇಲೆ ಹತ್ತಿಸಿ, ಮುಂದಿನದಕ್ಕೆ ಅಡೆ ಕೊಟ್ಟು, ಕಾರಿನ ಭಾರ ಪೂರ್ತಿ ಸ್ಪ್ರಿಂಗ್ ಮೇಲೆ ಇರುವಾಗ ಕೆಳಗೆ ಹೋಗಿ ಮುಂದಿನ ಕಣ್ಣಿನ ಬೋಲ್ಟು, ಶ್ಯಾಕಲ್ ಬೋಲ್ಟು ಬಿಗಿ ಮಾಡಿ. ಅಲ್ಲೀ ತನಕ ರೋಡಿಗೆ ತೆಗೀಬೇಡಿ, ಅವು ಸಡಿಲ ಇರೋದು ನೆನಪಿರ್ಲಿ. ಅಲ್ಲೇ ಶ್ಯಾಕಲ್ ನೋಡಿ, ಕೆಳಗಿನ ತುದಿ ಕಾರಿನ ಮುಂದಕ್ಕೆ ವಾಲಿದ್ರೆ ಏನೋ ತಪ್ಪಾಗಿದೆ, ಸ್ಪ್ರಿಂಗ್ ಪಾರ್ಟ್ ನಂಬರ್ ಇನ್ನೊಂದು ಸಲ ನೋಡಿ.

ಗೋಡೆ ಮೇಲಿನ ಚೀಟಿ ತಗೊಂಡು ಮತ್ತೆ ಅಳೀರಿ. ಎಡ ಬಲ ಅರ್ಧ ಇಂಚು ಒಳಗೆ ಇದ್ರೆ ನಾನಂತೂ ತಲೆ ಕೆಡಿಸ್ಕೊಳ್ಳಲ್ಲ, ಫ್ಯಾಕ್ಟರೀಲೂ ಅಷ್ಟು ಸರಿ ಇರ್ಲಿಲ್ಲ ಅಂತ ಅಂದ್ಕೊಳ್ಳಿ. ಹಿಂಭಾಗ ತುಂಬಾ ಎತ್ತರ ಆಗಿದ್ರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿರುತ್ತೆ, ಓಡಿಸುವಾಗ ಸೀಟಿನ ಕೆಳಗೆ ಗುಂಯ್ ಅಂತ ನಡುಕ ಬಂದ್ರೆ ಅದೇ ಕಾರಣ, ಆ್ಯಂಗಲ್ ಗೇಜ್ ಇಟ್ಟು ನೋಡ್ಬೇಕು. ಬ್ರೇಕ್ ಒಂದು ಸಲ ಒತ್ತಿ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು ನೋಡಿ, ಆಮೇಲೆ ಹೊರಡಿ. ನೂರು ಮೈಲಿ ಓಡಿಸಿ ಬಂದು ಅದೇ ರ‍್ಯಾಂಪ್ ಹತ್ತಿಸಿ ಎಲ್ಲಾ ನಟ್ಟಿಗೂ ಇನ್ನೊಂದು ಸಲ ಟಾರ್ಕ್ ರೆಂಚ್ ಹಾಕಿ, ಪ್ಲೇಟಿನ ನಾಲ್ಕರಲ್ಲಿ ಒಂದೆರಡು ಖಂಡಿತ ಸ್ವಲ್ಪ ತಿರುಗುತ್ತೆ, ಹೊಸ ರಬ್ಬರ್ ಪ್ಯಾಡು ಕೂತಿರುತ್ತೆ ಅಷ್ಟೇ.